ಸೊನ್ನೆಯ ಡಬ್ಬಿ

ಮದೀನಾ
೭ ಸೆಪ್ಟೆಂಬರ್ ೨೦೨೪, ಶನಿವಾರ

ಝಿಕ್ರಾಳ ಅಬ್ಬನಿಗೆ,

ಅಸ್ಸಲಾಮು ಅಲೈಕುಂ. ಉಮ್ರಾ ಬಸ್ಸಿನ ಅಯ್ಯೂಬ್ ನಿನ್ನೆ ಜುಮಾ ನಮಾಜ್ ಆದ ಮೇಲೆ ನಿಮ್ಮ ಪತ್ರವನ್ನೂ ಖರ್ಜೂರವನ್ನೂ ಕೊಟ್ಟು ಹೋದ. ಅವನು ಪ್ರತಿ ಗುರುವಾರ ಹುಫೂಫಿನಿಂದ ಜನರನ್ನು ಕರಕೊಂಡು ಬರುವುದರಿಂದ ನಮಗೆ ಅಂಚೆಯ ಹಂಗಿಲ್ಲ, ಅಲ್ಲಾಹ್ ಅವನ ಚಕ್ರಗಳನ್ನು ಕಾಪಾಡಲಿ. ಫೋನಿನಲ್ಲಿ ಮಾತಾಡುವ ಅಂದರೆ ಗುಂಡಿನ ಸದ್ದಿಗೆ ನಿಮ್ಮ ಕಿವಿ ಅರ್ಧ ಹೋಗಿದೆ. ನೀವು ಅಲ್ಲಿ ಕೂಗುವುದು, ನಾನು ಇಲ್ಲಿ ಕೂಗುವುದು, ಹಾಸ್ಟೆಲಿನ ಮೂರು ಮಾಳಿಗೆಯ ಯಾತ್ರಿಕರಿಗೂ ನಮ್ಮ ಸಂಸಾರ ಗೊತ್ತಾಗುವುದು. ಮೊಬೈಲಿನಲ್ಲಿ ಕನ್ನಡ ಒತ್ತಲು ನಮಗಿಬ್ಬರಿಗೂ ಬಾರದು. ಇದೇ ಒಳ್ಳೆಯದು.

ಪತ್ರವನ್ನು ಅಡುಗೆಮನೆಯ ಹಿಂದೆ ನಿಂತು ಎರಡು ಸಲ ಓದಿದೆ. ಜೊತೆಗೆ ಕೆಲಸ ಮಾಡುವ ಉಳ್ಳಾಲದ ಸಬೀನಾ, ಎಂತ ಅಕ್ಕಾ ಮುಖ ಕೆಂಪಾಯ್ತಲ್ಲ ಅಂದಳು. ಒಲೆ ಮುಂದೆ ನಿಲ್ಲುವವಳ ಮುಖ ಮತ್ತೆ ಬಿಳಿ ಆಗ್ತದಾ ಎಂದೆ.

ನಿಮ್ಮ ಕಫೀಲ್ ಅಬೂ ನಾಸಿರ್ ಹಾಗೆ ಹೇಳಿದ್ದು ನಿಜವಾ? ಡಿಸೆಂಬರಿನ ಬೇಟೆಗೆ ಹೊರಡುವ ಮೊದಲು ಅವರ ಹಳೆ ರೈಫಲಿಗೆ ಒಪ್ಪುವ ತೋಟೆ ನೀವು ತುಂಬಿಸಿ ಕೊಟ್ಟು, ಐದು ಗುಂಡೂ ಒಂದು ರಿಯಾಲ್ ನಾಣ್ಯದ ಅಡಿಯಲ್ಲಿ ಮುಚ್ಚಿ ಹೋಗುವಷ್ಟು ಒತ್ತಾಗಿ ಬಿದ್ದರೆ, ನಕಲ್ ಕಾಗದಕ್ಕೆ ಸಹಿ ಹಾಕಿ ನಿಮ್ಮನ್ನು ಮದೀನಾಕ್ಕೆ ಬಿಟ್ಟುಕೊಡುವುದಾಗಿ? ಝಿಕ್ರಾಳಿಗೆ ಈ ಸುದ್ದಿ ಹೇಳಿದರೆ ಅವಳು ಮಂಗಳೂರಿನಲ್ಲಿ ಕೂತು ಹೆದರಿದಳು. ಅಮ್ಮಾ, ನಕಲಿ ಕಾಗದದ ಕೆಲಸಕ್ಕೆ ಅಬ್ಬನನ್ನು ಹಾಕಬೇಡ ಅಂದಳು. ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ತನ್ನ ಕೆಲಸದವನನ್ನು ಬೇರೆ ಕಫೀಲನಿಗೆ ವರ್ಗ ಮಾಡುವುದಕ್ಕೆ ಇಲ್ಲಿ ನಕಲ್ ಅನ್ನುವುದು ಎಂದು ತಿಳಿಸಿ ಹೇಳುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು.

ಹಾಸ್ಟೆಲಿನ ಮ್ಯಾನೇಜರ್ ಅಬ್ದುಲ್ ಸಲಾಂ ಸಾಹೇಬರನ್ನು ಕೇಳಿದೆ. ಸ್ಟೋರಿನವನ ಜಾಗ ವರ್ಷದ ಕೊನೆಯವರೆಗೆ ನಿಮಗೆಂದು ಖಾಲಿ ಇಟ್ಟುಕೊಳ್ಳುತ್ತಾರಂತೆ. ಆರು ವರ್ಷ ಆಯಿತು, ಒಂದೇ ದೇಶದಲ್ಲಿ ಇದ್ದೂ ಇದು ಎಂತಹ ಬದುಕು.

ಒಂದು ಮಾತು ತಿಳಿಯಲಿಲ್ಲ. ನಿಮ್ಮ ಗ್ರೂಪ್ ದೊಡ್ಡದಾಗಿದೆ, ಚಿಕ್ಕದು ಮಾಡಬೇಕು ಎಂದು ಬರೆದಿದ್ದೀರಿ. ರೂಮಿನಲ್ಲಿ ಈಗ ಎಷ್ಟು ಜನ? ಯಾರನ್ನಾದರೂ ಹೊರಗೆ ಹಾಕುವುದಾದರೆ ಬಡವರನ್ನು ಹಾಕಬೇಡಿ.

ನಿಮ್ಮ
ಬದ್ರುನ್ನಿಸಾ


ಹುಫೂಫ್, ಅಲ್ ಅಹ್ಸಾ
೧೯ ಸೆಪ್ಟೆಂಬರ್ ೨೦೨೪

ಬದ್ರು,

ವ ಅಲೈಕುಂ ಸಲಾಂ. ನಿನ್ನ ಪತ್ರ ಓದಿ ಶೆಡ್ಡಿನಲ್ಲಿ ಒಬ್ಬನೇ ನಕ್ಕೆ. ಹೊರಗೆ ನಿಂತ ಪಾಕಿಸ್ತಾನಿ ಡ್ರೈವರ್, ಶಂಸುದ್ದೀನ್ ಭಾಯಿಗೆ ಬಿಸಿಲು ತಲೆಗೇರಿತು ಎಂದುಕೊಂಡ. ಗ್ರೂಪ್ ಅಂದರೆ ಜನ ಅಲ್ಲ ಮಾರಾಯ್ತಿ. ಕಾಗದಕ್ಕೆ ಐದು ಗುಂಡು ಹೊಡೆದಾಗ ಬೀಳುವ ಐದು ತೂತುಗಳ ಗುಂಪು. ಒತ್ತಿಕೊಂಡು ಬಿದ್ದರೆ ಚಿಕ್ಕ ಗ್ರೂಪ್, ಚೆದುರಿದರೆ ದೊಡ್ಡದು. ನನ್ನದು ಸದ್ಯಕ್ಕೆ ಆಡು ನಡೆಯುತ್ತಾ ಹಿಕ್ಕೆ ಹಾಕಿದ ಹಾಗೆ ಇದೆ.

ಇಷ್ಟು ವರ್ಷ ನಾನು ಮಾಡುವ ಕೆಲಸ ಹೇಗೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಲ್ಲಿನ ಗುಂಡು ಹೊಡೆಯುವ ಕ್ಲಬ್ಬಿನ ಲೈಸೆನ್ಸಿನ ಅಡಿಯಲ್ಲಿ, ಹೊಡೆದು ಖಾಲಿಯಾದ ಹಿತ್ತಾಳೆಯ ತೋಟೆಗೆ ಮತ್ತೆ ಮದ್ದು ತೂಗಿ ತುಂಬಿ ಹೊಸ ಗುಂಡು ಕೂರಿಸುತ್ತೇನೆ. ಅಂಗಡಿಯ ತೋಟೆ ರೆಡಿಮೇಡ್ ಅಂಗಿಯ ಹಾಗೆ, ಯಾರಿಗೂ ಆಗುತ್ತದೆ. ನಾನು ಮಾಡುವುದು ಒಂದೇ ಕೋವಿಯ ಅಳತೆಗೆ ಹೊಲಿದದ್ದು.

ಅಬೂ ನಾಸಿರರ ಅಣ್ಣನ ಮಗ ಮಿಶಾಲ್ ಗುಂಡಿನ ವೇಗ ಅಳೆಯುವ ಯಂತ್ರ ತಂದಿದ್ದಾನೆ. ಒಳ್ಳೆಯ ಹುಡುಗ, ಓದಿದವ, ಇಂಜಿನಿಯರ್. ಐದು ಗುಂಡಿನ ವೇಗವೂ ಒಂದೇ ಆದರೆ ಐದೂ ಒಂದೇ ಕಡೆ ಬೀಳಲೇಬೇಕು ಎಂದು ಅವನ ವಾದ. ಒಂದು ತಿಂಗಳು ಕಣ್ಣು ನೀರಾಗುವಷ್ಟು ಜಾಗ್ರತೆಯಲ್ಲಿ ಮದ್ದು ತೂಗಿದೆ. ವೇಗ ಅಣ್ಣ ತಮ್ಮಂದಿರ ಹಾಗೆ ಸಮ ಬಂತು. ಕಾಗದ ನೋಡಿದರೆ ತೂತುಗಳು ಆಸ್ತಿ ಪಾಲಾದ ಅಣ್ಣ ತಮ್ಮಂದಿರ ಹಾಗೆ ಒಂದೊಂದು ಮೂಲೆಗೆ.

ಆದರೂ ಆಗುತ್ತದೆ. ನನ್ನ ಕೈ ಇನ್ನೂ ಗಟ್ಟಿ ಉಂಟು. ನಿನ್ನ ಮೊಣಕಾಲು ಹೇಗಿದೆ?

ಶಂಸುದ್ದೀನ್


ಮದೀನಾ
೨೧ ಸೆಪ್ಟೆಂಬರ್ ೨೦೨೪

ಝಿಕ್ರಾಳ ಅಬ್ಬನಿಗೆ,

ಸಲಾಂ. ಮೊಣಕಾಲಿಗೆ ಎಂತ ಆಗಿದೆ, ಒಳ್ಳೆಯದೇ ಉಂಟು.

ನಾನು ಏಳನೇ ಕ್ಲಾಸಿನವಳು, ಇಂಜಿನಿಯರಿಗೆ ಎದುರು ಹೇಳುವವಳಲ್ಲ. ಆದರೆ ದೋಸೆ ಹೊಯ್ಯುವುದು ನನಗೆ ಗೊತ್ತು. ಈ ಹಾಸ್ಟೆಲಿನಲ್ಲಿ ಎರಡು ಕಾವಲಿ. ಒಂದೇ ಹಿಟ್ಟು, ಒಂದೇ ಸೌಟು, ಒಂದೇ ಕೈ. ಒಂದರಲ್ಲಿ ನೀರುದೋಸೆ ಬಟ್ಟೆಯ ಹಾಗೆ ಏಳುತ್ತದೆ, ಇನ್ನೊಂದರಲ್ಲಿ ಹರಿಯುತ್ತದೆ. ಆ ಎರಡನೆಯದಕ್ಕೆ ಹಿಟ್ಟು ಚೂರು ದಪ್ಪ ಬೇಕು. ಸಬೀನಾ ಬಂದ ಹೊಸತರಲ್ಲಿ ಸೌಟು ಸಮ ಇದೆ ಅಕ್ಕಾ, ಕಾವಲಿಯೇ ಸರಿ ಇಲ್ಲ ಎಂದು ಜಗಳ ಆಡುತ್ತಿದ್ದಳು. ಕಾವಲಿಯ ಹತ್ತಿರ ಜಗಳ ಆಡಿ ಗೆದ್ದವರುಂಟಾ? ಆ ಕೋವಿಗೂ ಅದರದ್ದೇ ಒಂದು ಹಟ ಇರಬಹುದು. ನೀವು ಯಂತ್ರವನ್ನು ಕೇಳುವುದು ಬಿಟ್ಟು ಕೋವಿಯನ್ನು ಕೇಳಿ ನೋಡಿ.

ಇನ್ನೊಂದು. ಅಬೂ ನಾಸಿರ್ ಬೇಟೆ ಆಡುವುದು ಎಂತದ್ದನ್ನು? ಗುಂಡು ತಾಗಿದ ಕೂಡಲೇ ಜೀವ ಹೋಗುತ್ತದಾ? ಬಿಸ್ಮಿಲ್ಲಾ ಹೇಳಿ ಹೊಡೆದರೂ, ಗಾಯ ಆದ ಪ್ರಾಣಿ ಕಲ್ಲಿನ ಎಡೆಯಲ್ಲಿ ಎರಡು ದಿನ ನರಳಿದರೆ ಅದರ ಲೆಕ್ಕ ಹೊಡೆದವರ ಮೇಲೂ ಬರುತ್ತದೆ, ತೋಟೆ ತುಂಬಿದವರ ಮೇಲೂ ಬರುತ್ತದೆ. ನಿಮ್ಮ ಹೆಸರು ಅದರಲ್ಲಿ ಬೇಡ.

ಬದ್ರು


ಹುಫೂಫ್
೧೦ ಅಕ್ಟೋಬರ್ ೨೦೨೪

ಬದ್ರು,

ಎರಡು ಬಸ್ಸು ತಪ್ಪಿಸಿದೆ, ಬೈಯಬೇಡ. ನಿನ್ನ ಕಾವಲಿಯ ಮಾತು ತಲೆಯಲ್ಲಿ ಕೂತು ಬಿಟ್ಟಿತು. ಮದ್ದನ್ನು ಹಾಗೇ ಬಿಟ್ಟು, ಗುಂಡು ಕೂರಿಸುವ ಆಳವನ್ನು ಕೂದಲೆಳೆಯಷ್ಟು ಬದಲಿಸಿ ಬದಲಿಸಿ ನೋಡಿದೆ. ಹೀಗೆ ಒಂದು ಡಬ್ಬಿ ಆಯಿತು. ಮಿಶಾಲನ ಲೆಕ್ಕದ ಪ್ರಕಾರ ತುಂಬಿದ ಡಬ್ಬಿಗಳು ಒಂದರಿಂದ ಐದು. ನನ್ನದು ಅವನ ಪಟ್ಟಿಯಲ್ಲೇ ಇಲ್ಲದ್ದರಿಂದ ಅದರ ಮೇಲೆ ಸೊನ್ನೆ ಬರೆದೆ.

ಐದನೆಯ ಡಬ್ಬಿಯ ವೇಗ ಅಚ್ಚುಕಟ್ಟು, ಗ್ರೂಪ್ ಅಂಗೈ ಅಗಲ. ಸೊನ್ನೆಯದ್ದು ತಿರುಗಾಮುರುಗ. ಯಂತ್ರದ ಅಂಕಿ ಒಂದು ಮೇಲೆ ಒಂದು ಕೆಳಗೆ, ಕಾಗದದಲ್ಲಿ ಮಾತ್ರ ಐದು ತೂತೂ ನಾಣ್ಯದ ಅಡಿ. ಮಿಶಾಲ್ ಅಂಕಿ ನೋಡಿ ಮುಖ ಕಿವುಚಿದ. ಇದು ಅದೃಷ್ಟ, ವೇಗ ಸಮ ಇಲ್ಲದ್ದನ್ನು ಚಿಕ್ಕಪ್ಪನಿಗೆ ತೋರಿಸುವುದಿಲ್ಲ ಎಂದ. ಅವನ ಮಾತು ಪೂರ್ತಿ ಸುಳ್ಳಲ್ಲ. ನೂರು ಮೀಟರಿಗೆ ವೇಗದ ವ್ಯತ್ಯಾಸ ಕಾಣುವುದಿಲ್ಲ. ಮುನ್ನೂರು, ನಾನೂರು ಮೀಟರಿಗೆ ಹೋದರೆ ನಿಧಾನದ ಗುಂಡು ಕೆಳಗೆ ಇಳಿಯುತ್ತದೆ, ಜೋರಿನದ್ದು ಮೇಲೆ ನಿಲ್ಲುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ: ಅವರು ಹೊರದೇಶದ ಬೆಟ್ಟಕ್ಕೆ ಪರವಾನಗಿ ಪಡೆದು ಕಾಡಾಡಿನ ಬೇಟೆಗೆ ಹೋಗುವುದು. ಇಪ್ಪತ್ತನಾಲ್ಕಕ್ಕೆ ಅಬೂ ನಾಸಿರ್ ಖುದ್ದು ಬಂದು ಐದನೆಯ ಡಬ್ಬಿಯನ್ನು ಹೊಡೆದು ನೋಡುತ್ತಾರೆ. ಅದರಲ್ಲಿ ಗ್ರೂಪ್ ಬರುವುದಿಲ್ಲ ಎಂದು ನನಗೆ ಗೊತ್ತು. ದುವಾ ಮಾಡು.

ಶಂಸುದ್ದೀನ್


ಹುಫೂಫ್
೨೪ ಅಕ್ಟೋಬರ್ ೨೦೨೪

ಬದ್ರು,

ಅಬೂ ನಾಸಿರ್ ಬಂದರು, ಐದು ಹೊಡೆದರು, ಐದೂ ನಾಣ್ಯದ ಅಡಿ ಮುಚ್ಚಿತು. ತುಂಬ ಖುಷಿ ಪಟ್ಟರು. ಬೇಟೆಗೆ ಅರುವತ್ತು ತೋಟೆ ಹೇಳಿದ್ದಾರೆ. ಅದು ಕೊಟ್ಟ ದಿನ ಸಹಿ ಹಾಕುತ್ತಾರಂತೆ.

ಬಸ್ಸು ಹೊರಡುತ್ತಾ ಇದೆ. ಉಳಿದದ್ದು ಮತ್ತೆ.

ಶಂಸುದ್ದೀನ್


ಮದೀನಾ
೨೬ ಅಕ್ಟೋಬರ್ ೨೦೨೪

ಝಿಕ್ರಾಳ ಅಬ್ಬನಿಗೆ,

ಅಲ್ಹಮ್ದುಲಿಲ್ಲಾಹ್, ಅಲ್ಹಮ್ದುಲಿಲ್ಲಾಹ್. ಪತ್ರ ಓದಿದ ಕೂಡಲೇ ಎರಡು ರಕಾತ್ ಶುಕ್ರ್ ನಮಾಜ್ ಮಾಡಿದೆ. ನಾಲ್ಕು ಸಾಲು ಬರೆದಿದ್ದೀರಿ, ಸಂತೋಷಕ್ಕೆ ನಿಮ್ಮ ಕೈ ಓಡಲಿಲ್ಲ ಎಂದು ತಿಳಿದುಕೊಂಡೆ. ನಮ್ಮ ನಿಕಾಹ್ ದಿನವೂ ನೀವು ಬಾಯಿ ಬಿಟ್ಟದ್ದು ಕಡಿಮೆ.

ಸಲಾಂ ಸಾಹೇಬರಿಗೆ ಹೇಳಿದೆ. ಹಿಂದಿನ ಬದಿಯ ಕೋಣೆ ಕೊಡುತ್ತೇನೆ ಎಂದರು. ಸಬೀನಾ ಇಡೀ ಅಡುಗೆಮನೆಗೆ ಸಾರಿದಳು, ಅಕ್ಕನ ಮದುಮಗ ಬರ್ತಾರೆ ಎಂದು. ಐವತ್ತು ವರ್ಷದ ಹೆಂಗಸಿಗೆ ಇದೆಲ್ಲ ಬೇಕಾ? ಬೇಡ ಎಂದು ಬಾಯಲ್ಲಿ ಹೇಳಿದೆ.

ಬರುವಾಗ ಹೆಚ್ಚು ಸಾಮಾನು ಹೊರಬೇಡಿ. ಆ ಹಳೆ ಕಂಬಳಿ ಯಾರಿಗಾದರೂ ಕೊಡಿ.

ನಿಮ್ಮ
ಬದ್ರು


ಮದೀನಾ
೯ ನವೆಂಬರ್ ೨೦೨೪

ಝಿಕ್ರಾಳ ಅಬ್ಬನಿಗೆ,

ಎರಡು ಶುಕ್ರವಾರ ಅಯ್ಯೂಬ್ ಬರಿಗೈಯಲ್ಲಿ ಬಂದ. ನೀವು ಹೇಗಿದ್ದೀರಿ ಎಂದರೆ, ಇದ್ದಾರೆ ಅಕ್ಕಾ, ಮಾತು ಕಡಿಮೆ ಅಂದ. ನಿಮ್ಮ ಮಾತು ಕಡಿಮೆ ಆದರೆ ಒಂದೋ ಹೊಟ್ಟೆ ಸರಿ ಇಲ್ಲ, ಇಲ್ಲದಿದ್ದರೆ ನನ್ನಿಂದ ಏನೋ ಮುಚ್ಚಿಟ್ಟಿದ್ದೀರಿ. ಮೂವತ್ತೊಂದು ವರ್ಷದಲ್ಲಿ ಮೂರನೆಯ ಕಾರಣ ನಾನು ನೋಡಲಿಲ್ಲ.

ಹೊಟ್ಟೆಯಾದರೆ ಮೆಂತೆ ನೆನೆಸಿ ಕುಡಿಯಿರಿ. ಇನ್ನೊಂದಾದರೆ ಬರೆಯಿರಿ.

ಬದ್ರು


ಹುಫೂಫ್
೧೪ ನವೆಂಬರ್ ೨೦೨೪

ಬದ್ರು,

ಹೊಟ್ಟೆ ಸರಿ ಉಂಟು.

ಆ ದಿನ ನಡೆದದ್ದು ಹೀಗೆ. ಅಬೂ ನಾಸಿರ್ ಐದನೆಯ ಡಬ್ಬಿ ಎಲ್ಲಿ ಎನ್ನುತ್ತಾ ತಾವೇ ಕಪಾಟಿಗೆ ಕೈ ಹಾಕಿದರು. ನಾನು ಡಬ್ಬಿಗಳ ಮೇಲೆ ಬರೆದದ್ದು ಕನ್ನಡದ ಅಂಕಿ, ಶಾಲೆಯಲ್ಲಿ ಕಲಿತದ್ದು, ಕೈಗೆ ಅದೇ ಬರುತ್ತದೆ. ಅರಬಿಯಲ್ಲಿ ಐದು ಬರೆಯುವುದು ಹೇಗೆ, ನಿನಗೆ ಗೊತ್ತಲ್ಲ, ಒಂದು ಉರುಟು ಸುತ್ತು. ನಮ್ಮ ಸೊನ್ನೆಯ ಹಾಗೆ. ಅವರು ನನ್ನ ಸೊನ್ನೆಯನ್ನು ಐದು ಎಂದು ಓದಿ, ಆ ಡಬ್ಬಿಯನ್ನು ತೆಗೆದು ಹೊಡೆದರು. ಯಂತ್ರ ಆ ದಿನ ಇಟ್ಟಿರಲಿಲ್ಲ, ಮಿಶಾಲನಿಗೂ ಗೊತ್ತಾಗಲಿಲ್ಲ. ಅವರು ಡಬ್ಬಿ ತೆಗೆಯುವಾಗ ನಾನು ಕಾಗದ ಕಟ್ಟಲು ದೂರ ಹೋಗಿದ್ದೆ. ಹೊಡೆದಾದ ಮೇಲೆ ಕಾಗದ ಬಿಚ್ಚಿ ತಂದು ಕೊಟ್ಟು, ಮೇಜಿನ ಮೇಲಿನ ಡಬ್ಬಿ ನೋಡುವಾಗ ಅವರು ಮಿಶಾಲನನ್ನು ಅಪ್ಪಿಕೊಂಡಿದ್ದರು. ನಿನ್ನ ಯಂತ್ರ ಗೆದ್ದಿತು ಎನ್ನುತ್ತಿದ್ದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, ಶಂಸ್, ಮದೀನಾಕ್ಕೆ ನಿನ್ನ ಪೆಟ್ಟಿಗೆ ಕಟ್ಟು ಎಂದರು. ಬಾಯಿ ಮುಚ್ಚಿದೆ.

ಈಗ ಅರುವತ್ತು ತೋಟೆ ತುಂಬಬೇಕು. ಸುಮ್ಮನೆ ಸೊನ್ನೆಯ ಅಳತೆಯಲ್ಲಿ ತುಂಬಿ ಮೇಲೆ ಐದು ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿಶಾಲನಿಗೆ ಹೆಸರು, ಅವರಿಗೆ ಗ್ರೂಪ್, ನನಗೆ ಸಹಿ. ಹಾಗೇ ಮಾಡುವ ಎಂದು ಇಪ್ಪತ್ತು ತುಂಬಿದೆ ಕೂಡ. ಮತ್ತೆ ಕೈ ನಿಂತಿತು. ಯಾಕೆಂದರೆ ಅವರು ಬೆಟ್ಟದಲ್ಲಿ ಮುನ್ನೂರು ನಾನೂರು ಮೀಟರಿನಿಂದ ಹೊಡೆಯುವವರು. ಮಿಶಾಲ್ ತನ್ನ ಪುಸ್ತಕದಲ್ಲಿ ಐದನೆಯ ಡಬ್ಬಿಯ ವೇಗ ನೋಡಿ ದುರ್ಬೀನು ಹೊಂದಿಸುತ್ತಾನೆ. ಒಳಗಿರುವುದು ಸೊನ್ನೆಯ ತೋಟೆ. ಹತ್ತಿರಕ್ಕೆ ಅದು ಬಂಗಾರ, ಅಷ್ಟು ದೂರಕ್ಕೆ ಒಂದು ಎದೆಗೆ ಬಿದ್ದರೆ ಇನ್ನೊಂದು ಕಾಲಿಗೆ ಬಿದ್ದೀತು.

ಹೇಳಿದರೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕಾರಣ ಕೊಡಬೇಕು. ಸಹಿ ಹೋಗುತ್ತದೆ. ನೀನು ಕಂಬಳಿ ಯಾರಿಗಾದರೂ ಕೊಡಿ ಎಂದು ಬರೆದಿದ್ದೆ. ಕೊಟ್ಟಾಯಿತು. ಈಗ ನೀನು ಹೇಳಿದ ಹಾಗೆ ಮಾಡುತ್ತೇನೆ.

ಶಂಸುದ್ದೀನ್


ಮದೀನಾ
೧೬ ನವೆಂಬರ್ ೨೦೨೪

ಝಿಕ್ರಾಳ ಅಬ್ಬನಿಗೆ,

ಹೇಳಿ. ನಾಳೆಯೇ ಹೇಳಿ.

ಇದನ್ನು ಬರೆಯಲು ನನಗೆ ಸುಲಭ ಆಗಲಿಲ್ಲ. ನನ್ನ ಕಡೆಯದ್ದೂ ಒಂದು ಉಂಟು. ನನ್ನ ಮೊಣಕಾಲು ಒಳ್ಳೆಯದಿಲ್ಲ. ರಂಝಾನಿನಿಂದ ಸ್ಟೂಲಿನ ಮೇಲೆ ಕೂತು ದೋಸೆ ಹೊಯ್ಯುತ್ತೇನೆ, ಮೆಟ್ಟಿಲಲ್ಲಿ ಸಬೀನಾ ಕೈ ಹಿಡಿಯುತ್ತಾಳೆ. ನೀವು ಬಂದರೆ ನನಗೊಂದು ಕೈ ಆಗುತ್ತದೆ ಎಂದು ಆಸೆ ಇತ್ತು. ನೀವು ಹೆದರುತ್ತೀರಿ ಎಂದು ಬರೆಯಲಿಲ್ಲ. ನೀವೂ ನಾನೂ ಒಂದೇ ಜಾತಿ, ಮುಚ್ಚಿಡುವ ಜಾತಿ.

ನೀವು ನನಗೆ ಬೇಕು. ಮಸೀದಿಯ ಅಂಗಳದಲ್ಲಿ ಕೂತು ಆರು ವರ್ಷ ಅದನ್ನೇ ಕೇಳಿದ್ದೇನೆ. ಆದರೆ ಒಂದು ಮೂಕ ಪ್ರಾಣಿ ಕಾಲು ಮುರಿದುಕೊಂಡು ಬೆಟ್ಟದಲ್ಲಿ ಬಿದ್ದಿರುವಾಗ ನೀವು ಇಲ್ಲಿ ಬಂದು ನನ್ನ ಪಕ್ಕ ನಮಾಜಿಗೆ ನಿಲ್ಲುವುದು ಬೇಡ. ಆ ಇಪ್ಪತ್ತು ತೋಟೆಯನ್ನೂ ಅವರ ಮುಂದೆ ಇಡಿ.

ಸಿಟ್ಟಿಲ್ಲ. ನಿಮ್ಮ ಕೈ ಇಪ್ಪತ್ತಕ್ಕೆ ನಿಂತಿತಲ್ಲ, ಅರುವತ್ತಕ್ಕೆ ಅಲ್ಲ. ನಾನು ಅದನ್ನೇ ನಾಲ್ಕು ಸಲ ಓದಿದೆ.

ಬದ್ರು


ಹುಫೂಫ್
೨೮ ನವೆಂಬರ್ ೨೦೨೪

ಬದ್ರು,

ಹೇಳಿದೆ. ಅಬೂ ನಾಸಿರ್ ಗಹ್ವಾ ಕುಡಿಯುತ್ತಾ ಕೂತಿದ್ದರು, ಮಿಶಾಲನೂ ಇದ್ದ. ಎರಡೂ ಡಬ್ಬಿ ಇಟ್ಟು ಇದು ನಮ್ಮ ಐದು, ಇದು ನಮ್ಮ ಸೊನ್ನೆ ಎಂದೆ. ಮಿಶಾಲನ ಮುಖ ಕಪ್ಪಾಯಿತು. ಅಬೂ ನಾಸಿರ್ ಗಹ್ವಾದ ಲೋಟ ಕೆಳಗಿಟ್ಟು ಎರಡೂ ಡಬ್ಬಿ ತೆರೆದು ನೋಡಿದರು. ಮತ್ತೆ ನಮ್ಮನ್ನು ಗಾಡಿಯಲ್ಲಿ ಕೂರಿಸಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಮುನ್ನೂರು ಮೀಟರಿಗೆ ಎರಡನ್ನೂ ಹೊಡೆದರು. ಸೊನ್ನೆಯ ತೂತುಗಳು ಏಣಿಯ ಹಾಗೆ ಮೇಲಿಂದ ಕೆಳಗೆ. ಐದರದ್ದು ಏಣಿಯಲ್ಲ, ಅಡ್ಡಾದಿಡ್ಡಿ. ಮಿಶಾಲನೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇಬ್ಬರದ್ದೂ ಅರ್ಧ ಅರ್ಧ ಸರಿ.

ಆಮೇಲೆ ನೂರು ಮೀಟರಿಗೆ ಸೊನ್ನೆಯನ್ನೇ ಮತ್ತೆ ಮೂರು ಕಾಗದಕ್ಕೆ ಹೊಡೆದರು. ಮೂರರಲ್ಲೂ ಒತ್ತಾಗಿ ಬಿತ್ತು. ಅದೃಷ್ಟ ಅಲ್ಲ. ಈ ಸಲ ಇದನ್ನೇ ಒಯ್ಯುತ್ತಾರಂತೆ. ಹತ್ತಿರ ಹೋಗಲಾಗದ ಆಡನ್ನು ಹೊಡೆಯುವುದಿಲ್ಲ, ವಾಪಸು ಬರುತ್ತೇನೆ ಎಂದರು.

ನಾನು ನಕಲ್ ಕಾಗದದ ಮಾತೆತ್ತಲಿಲ್ಲ. ಅವರೇ ಎತ್ತಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಶಂಸ್, ಕೋವಿ ನನ್ನ ಹತ್ತಿರ ಬೇಕಾದಷ್ಟು ಉಂಟು. ನನ್ನ ಕೈ ತಪ್ಪಿದ್ದನ್ನು ನನಗೆ ಹೇಳುವವ ಒಬ್ಬನೇ. ಅವನನ್ನು ಬಿಟ್ಟುಕೊಡು ಎಂದು ಕೇಳಬೇಡ."

ಸಹಿ ಇಲ್ಲ ಬದ್ರು. ಸುಳ್ಳು ಹೇಳಿದ್ದರೆ ಸಿಗುತ್ತಿತ್ತು, ನಿಜ ಹೇಳಿದ್ದಕ್ಕೆ ಸಿಗಲಿಲ್ಲ. ಸಿಟ್ಟು ಬರಬೇಕಿತ್ತು, ಎಂತಕ್ಕೋ ಬರಲಿಲ್ಲ.

ನೀನು ಆ ಮೂಕ ಪ್ರಾಣಿಯ ಬಗ್ಗೆ ಬರೆದದ್ದನ್ನೂ ನಿನ್ನ ಮೊಣಕಾಲಿನ ಸಂಗತಿಯನ್ನೂ ಅವರಿಗೆ ಹೇಳಿದೆ. ತೋಟದ ಬದಿಯಲ್ಲಿ ಎರಡು ಕೋಣೆಯ ಮನೆ ಉಂಟು, ಮೆಟ್ಟಿಲಿಲ್ಲ. ಹೆಂಡತಿಯನ್ನು ಕರೆಸಿಕೋ, ಅವಳ ಕಾಗದಗಳನ್ನು ನಾನು ಮಾಡಿಸುತ್ತೇನೆ, ಅವಳು ಕೆಲಸ ಮಾಡುವುದೂ ಬೇಡ ಎಂದರು. ನಾನು ಹೂಂ ಅನ್ನಲಿಲ್ಲ. ರಸೂಲರ ಊರಿನಲ್ಲಿ ಇರುವವಳಿಗೆ ಅದನ್ನು ಬಿಟ್ಟು ಬಾ ಎನ್ನುವ ಬಾಯಿ ನನಗಿಲ್ಲ. ಕೇಳುತ್ತಾ ಇಲ್ಲ. ಅವರು ಹೇಳಿದ್ದನ್ನು ತಿಳಿಸಿದೆ, ಅಷ್ಟೆ.

ಶಂಸುದ್ದೀನ್


ಹುಫೂಫ್
೧೯ ಡಿಸೆಂಬರ್ ೨೦೨೪

ಬದ್ರು,

ಮೂರು ಬಸ್ಸು ಬಂದು ಹೋಯಿತು. ಪ್ರತಿ ಭಾನುವಾರ ಬೆಳಿಗ್ಗೆ ಹೋಗಿ ನಿಲ್ಲುತ್ತೇನೆ, ಅಯ್ಯೂಬ್ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ.

ನನ್ನ ಪತ್ರದಿಂದ ನಿನಗೆ ನೋವಾಯಿತು ಎಂದು ಕಾಣುತ್ತದೆ. ಆ ಮನೆಯ ಸಂಗತಿಯನ್ನು ಬರೆಯಲೇಬಾರದಿತ್ತು. ಮರೆತುಬಿಡು. ಸಿಟ್ಟಿದ್ದರೆ ಬೈದು ಬರೆ, ಎರಡು ಪುಟ ಬೈದರೂ ಅಡ್ಡಿ ಇಲ್ಲ.

ಅಬೂ ನಾಸಿರ್ ವಾಪಸು ಬಂದರು. ಒಂದೇ ಆಡು, ಒಂದೇ ಗುಂಡು, ನಿಂತಲ್ಲೇ ಬಿತ್ತಂತೆ. ಎರಡನ್ನು ದೂರ ಎಂದು ಬಿಟ್ಟರಂತೆ. ನಿನಗೆ ತಿಳಿಸು ಎಂದರು.

ಶಂಸುದ್ದೀನ್


ಮದೀನಾ
೪ ಜನವರಿ ೨೦೨೫, ಶನಿವಾರ

ಝಿಕ್ರಾಳ ಅಬ್ಬನಿಗೆ,

ಅಸ್ಸಲಾಮು ಅಲೈಕುಂ.

ಸಿಟ್ಟಲ್ಲ. ಹಿಂದಿನ ಸಲ ಕಾಗದ ಕೈಗೆ ಬರುವ ಮೊದಲೇ ಊರಿಗೆಲ್ಲ ಸಾರಿ ನಾಚಿಕೆ ಪಟ್ಟೆ. ಆದ್ದರಿಂದ ಈ ಸಲ ಬಾಯಿ ಮುಚ್ಚಿ ಕೂತೆ. ತೋಟದ ಮನೆಯ ಸಂಗತಿ ಬರೆದ ನಿಮ್ಮ ಪತ್ರ ಬಂದ ಮರುದಿನವೇ ಸಲಾಂ ಸಾಹೇಬರು ಅಬೂ ನಾಸಿರರ ಆಫೀಸಿಗೆ ಫೋನ್ ಮಾಡಿದರು. ನಿಮಗೆ ಹೇಳಬೇಡಿ ಎಂದು ನಾನೇ ಕೇಳಿಕೊಂಡಿದ್ದೆ. ನಿಮ್ಮ ಕಫೀಲ್ ಗುಟ್ಟು ಉಳಿಸಿಕೊಳ್ಳುವವರು, ಒಳ್ಳೆಯ ಮನುಷ್ಯ. ಮೊನ್ನೆ ನನ್ನ ನಕಲ್ ಆಯಿತು. ಕೊನೆಗೆ ನಮ್ಮಿಬ್ಬರಲ್ಲಿ ವರ್ಗ ಆದದ್ದು ನಾನು.

ಮದೀನಾ ಬಿಡುವುದು ಸುಲಭ ಅಂತ ಬರೆದರೆ ಸುಳ್ಳು. ಐದು ದಿನ ಅತ್ತೆ. ನಿನ್ನೆ ಜುಮಾ ಆದ ಮೇಲೆ ಮಸೀದಿಯ ಅಂಗಳದಲ್ಲಿ ಕೂತು ರಸೂಲರಿಗೆ ಸಲಾಂ ಹೇಳಿದೆ. ಆಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆರು ವರ್ಷ ಈ ಅಂಗಳದಲ್ಲಿ ಕೇಳಿದ್ದು ಎಂತ? ಗಂಡನ ಜೊತೆ ಇರುವುದು. ಎಲ್ಲಿ ಎಂದು ಕೇಳಲಿಲ್ಲ, ಮದೀನಾದಲ್ಲೇ ಎಂದು ನಾನಾಗಿಯೇ ತಿಳಿದುಕೊಂಡಿದ್ದೆ. ಅಲ್ಲಾಹ್ ದುವಾ ಕಬೂಲ್ ಮಾಡಿದ್ದಾನೆ, ಜಾಗ ಬೇರೆ, ಅಷ್ಟೆ. ಕೊಟ್ಟದ್ದನ್ನು ವಿಳಾಸ ಸರಿ ಇಲ್ಲ ಎಂದು ವಾಪಸು ಕಳಿಸುವುದಾ?

ಸಬೀನಾ ಅಳುತ್ತಾ ನನ್ನ ಬಟ್ಟೆ ಮಡಚಿದಳು, ಮದುಮಗಳನ್ನು ಕಳಿಸುವ ಹಾಗೆ. ಎರಡನೆಯ ಕಾವಲಿಗೆ ಹಿಟ್ಟು ದಪ್ಪ ಇರಲಿ ಎಂದೆ. ಗೊತ್ತು ಮಾರಾಯ್ತಿ, ಹೋಗಿ ಅಂದಳು.

ಈ ಪತ್ರವನ್ನು ಅಯ್ಯೂಬನ ಕೈಗೆ ಕೊಡುವುದಿಲ್ಲ, ನನ್ನ ಚೀಲದಲ್ಲೇ ತರುತ್ತೇನೆ. ಇವತ್ತು ಸಂಜೆಯ ಬಸ್ಸು. ನೀವು ಓದುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ. ದೊಡ್ಡ ಸ್ವರದಲ್ಲಿ ಓದಬೇಡಿ, ನನಗೆ ನಾಚಿಕೆಯಾಗುತ್ತದೆ. ಮನಸ್ಸಿನಲ್ಲೇ ಓದಿ ಮಡಚಿಡಿ. ಮತ್ತೆ, ಏನು ಬರೆದಿದ್ದಿ ಎಂದು ನನ್ನನ್ನೇ ಕೇಳಿ.

ಬದ್ರು